ನಿಮಗೆ ಅವರು ಏನಾಗಬೇಕು?

9 ಜನವರಿ 1994

ಗಡಿಬಿಡಿಗೆ,

ನಾನು ಕ್ಷೇಮ. ನೀನೂ ನಿನ್ನ ಅಮ್ಮನೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಹೋದ ಕಾಗದಕ್ಕೆ ಉತ್ತರ ಬರೆಯಲಿಲ್ಲವೆಂದು ನೀನು ಬೈದದ್ದು ತಲುಪಿತು. ನಿಧಾನವೇ ಪ್ರಧಾನ ಎಂದರೆ ಇನ್ನೂ ಬೈಯುತ್ತೀಯ, ಹಾಗಾಗಿ ಹೇಳುವುದಿಲ್ಲ.

ಈಗ ಬರೆಯುತ್ತಿರುವುದು ಕೆಲಸದ ವಿಷಯ. ನಮ್ಮ ಹೋಟೆಲಿಗೆ ಎರಡನೇ ಅಡಿಗೆಯವರು ಬೇಕಾಗಿದ್ದಾರೆ. ನಾನೊಬ್ಬನೇ ಒಲೆಯನ್ನೂ ಹಿಟ್ಟನ್ನೂ ನೋಡಿಕೊಂಡು ಸಾಕಾಗಿದೆ. ಇಲ್ಲಿಯ ಕಾನೂನಿನಂತೆ ಮೊದಲು ಊರಿನವರಿಗೇ ಕೆಲಸ ಕೊಡುತ್ತೇವೆ ಎಂದು ಬೋರ್ಡು ಹಾಕಬೇಕು, ಪತ್ರಿಕೆಯಲ್ಲಿ ಹಾಕಿಸಬೇಕು. ಯಾರೂ ಸಿಗಲಿಲ್ಲವೆಂದು ತೋರಿಸಿದ ಮೇಲೆಯೇ ಹೊರದೇಶದವರಿಗೆ ಕೆಲಸದ ಪರವಾನಗಿ ಕೇಳಬಹುದು. ಬೋರ್ಡು ಹಾಕಿದೆವು. ಒಬ್ಬ ಬಂದ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತು, ನೀರು ಕುಡಿದು ಬರುತ್ತೇನೆ ಎಂದು ಹೋದವನು ಇನ್ನೂ ನೀರು ಕುಡಿಯುತ್ತಲೇ ಇದ್ದಾನೆ. ಆಮೇಲೊಬ್ಬಳು ಬಂದಳು. ಈರುಳ್ಳಿ ಹೆಚ್ಚಿದರೆ ಕಣ್ಣಿಗೆ ಆಗುವುದಿಲ್ಲ, ಅದೊಂದು ಬಿಟ್ಟು ಏನು ಬೇಕಾದರೂ ಮಾಡುತ್ತೇನೆ ಎಂದಳು.

ನಿನ್ನೆ ಯಜಮಾನಿ ನನ್ನನ್ನು ಕರೆದು, "ನಿಮ್ಮ ಕಡೆ ಯಾರಾದ್ರೂ ಇದ್ದಾರಾ?" ಎಂದರು. ಇದ್ದಾಳೆ ಅಂದೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಜೊತೆ ಆರು ವರ್ಷ ಕೆಲಸ ಮಾಡಿದವಳು, ಇಡೀ ಪಾಳಿಗೆ ಬೇಕಾದ ಹಿಟ್ಟನ್ನು ಒಬ್ಬಳೇ ನಾದುತ್ತಾಳೆ, ಬಾಯಿ ಸ್ವಲ್ಪ ಜೋರು ಎಂದೆ. ಬಾಯಿ ಜೋರಿದ್ದರೆ ಅಡ್ಡಿಯಿಲ್ಲ, ಕೈಯೂ ಜೋರಿರಲಿ ಎಂದರು.

ಬರುವುದಾದರೆ ಬಾ. ಬಲವಂತವಿಲ್ಲ. ಕೆಲಸ ಗಟ್ಟಿ, ಚಳಿ ಅದಕ್ಕಿಂತ ಗಟ್ಟಿ. ಅಡಿಗೆಮನೆಯ ಮೇಲೆ ಒಂದು ಕೋಣೆ ಖಾಲಿ ಇದೆ, ಒಲೆಯ ಬಿಸಿಗೆ ನೆಲ ಬೆಚ್ಚಗಿರುತ್ತದೆ. ಬರುವವರಿಗೆ ಅದೇ. ಯಜಮಾನಿ ಹೇಳಿದರೆಂದು ಅದರ ಗೋಡೆಗೆ ಬಣ್ಣ ಹೊಡೆಯುತ್ತಿದ್ದೇನೆ. ನೀನು ಮಾಡಬೇಕಾದ್ದು ಇಷ್ಟೇ, ಪಾಸ್‌ಪೋರ್ಟು ಮಾಡಿಸು, ಕಂಟ್ರಾಕ್ಟರ ಕೈಯಿಂದ ಅನುಭವದ ಸರ್ಟಿಫಿಕೇಟು ತೆಗೆದುಕೋ. ಯೋಚನೆ ಮಾಡಿ ಬರೆ.

ಇಂತಿ,
ಅಣ್ಣ

3 ಫೆಬ್ರವರಿ 1994

ಅಣ್ಣನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು, ಓದಿದೆ, ಮತ್ತೆ ಓದಿದೆ, ಬರುತ್ತೇನೆ. ಉತ್ತರ ಇಷ್ಟೇ. ಇನ್ನು ಮುಂದಿನದೆಲ್ಲ ಹರಟೆ.

ಅಣ್ಣ ಎಂದು ಬರೆಯುವಾಗ ಈಗ ಯಾವ ಅಣ್ಣ ಎಂದು ಹೇಳಬೇಕಾಗಿದೆ. ನಿಮ್ಮ ಜಾಗಕ್ಕೆ ಬಂದವನು ಪಾತ್ರೆ ತೊಳೆಯುವ ತಾತನ ಮೊಮ್ಮಗನ ವಯಸ್ಸಿನವನು. ಆದರೂ ಮೊದಲ ದಿನವೇ ತಾತ, ಹಲ್ಲಿಲ್ಲದ ಬಾಯಲ್ಲಿ, "ಅಣ್ಣಾ, ಈ ಬಾಣಲೆ ತೊಳೀಲಾ?" ಅಂದರು. ನಮ್ಮಲ್ಲಿಯ ರೂಢಿ ನಿಮಗೆ ಗೊತ್ತೇ ಇದೆ, ದೊಡ್ಡ ಒಲೆಯ ಮುಂದೆ ನಿಂತವನೇ ಅಣ್ಣ. ಕಂಟ್ರಾಕ್ಟರೂ ಹಾಗೆಯೇ ಕರೆಯುತ್ತಾರೆ. ನನಗೆ ಮಾತ್ರ ಇವನನ್ನು ಹಾಗೆ ಕರೆಯಲು ನಾಲಿಗೆ ಏಳುವುದಿಲ್ಲ. "ಏನಪ್ಪಾ" ಅನ್ನುತ್ತೇನೆ.

ಸರ್ಟಿಫಿಕೇಟಿನ ಕಥೆ ಕೇಳಿ. ಕಂಟ್ರಾಕ್ಟರು, "ನೀನು ಸಹಾಯಕಿ ಅಲ್ವಾ, ಅಡಿಗೆಯವಳು ಅಂತ ಹೇಗೆ ಬರೆದುಕೊಡ್ಲಿ?" ಅಂದರು. ಸರಿ ಎಂದು ಕೈ ತೊಳೆದುಕೊಂಡು ಬಾಗಿಲ ಹತ್ತಿರ ಕೈಕಟ್ಟಿ ನಿಂತೆ. "ಯಾಕೆ ನಿಂತೆ?" ಎಂದರು. "ಅಡಿಗೆಯವರು ಬರ್ಲಿ ಅಂತ ಕಾಯ್ತಿದ್ದೀನಿ ಸಾರ್, ಬಂದ್ರೆ ಸಹಾಯ ಮಾಡ್ತೀನಿ" ಅಂದೆ. ಊಟದ ಸೈರನ್ ಆಗುವ ಮುಂಚೆ ಸಹಿ, ಮೊಹರು ಎಲ್ಲ ಆಯಿತು. ಜೊತೆಗೊಂದು ಒಳ್ಳೆಯ ನಡತೆ ಎಂಬ ಸಾಲೂ ಸೇರಿಸಿದ್ದಾರೆ, ಪಾಪ.

ಮನೆಯಲ್ಲಿ ಅಮ್ಮ ಸುಮ್ಮನಿದ್ದಾಳೆ. ಸುಮ್ಮನಿಲ್ಲದವರು ಭಾವ. ಅವರ ಗೆಳೆಯರೊಬ್ಬರಿಗೆ ಬೇಕರಿ ಇದೆಯಂತೆ, ಹೆಂಡತಿ ತೀರಿಕೊಂಡಿದ್ದಾರಂತೆ, ಒಳ್ಳೆಯ ಮನುಷ್ಯರಂತೆ. "ಹಿಟ್ಟು ನಾದೋಳಿಗೆ ಬೇಕರಿ ಸಂಬಂಧ, ಹುಡುಕಿದ್ರೂ ಸಿಗಲ್ಲ" ಎಂದು ಭಾವ ನಕ್ಕರು. ಹಾರಿ ಹೋಗುವವಳಿಗೆ ಗಂಡು ಯಾಕೆ ಎಂದು ಬಾಯಿ ಮುಚ್ಚಿಸಿದ್ದೇನೆ.

ಒಂದು ಮಾತು. ನಾನು ಅಲ್ಲಿಗೆ ಬರುತ್ತಿರುವುದು ಎರಡನೇ ಅಡಿಗೆಯವಳಾಗಿ, ಅಷ್ಟೇ ತಾನೇ? ಸುಮ್ಮನೆ ಕೇಳಿದೆ.

ಇಂತಿ,
ಗಡಿಬಿಡಿ

28 ಫೆಬ್ರವರಿ 1994

ಗಡಿಬಿಡಿಗೆ,

ಕಾಗದಗಳೆಲ್ಲ ಸರಿಯಾಗಿ ಬಂದವು. ನೀನು ಕೇಳಿದ್ದಕ್ಕೆ ಉತ್ತರ: ಹೌದು, ಎರಡನೇ ಅಡಿಗೆಯವಳಾಗಿಯೇ. ಸಹಾಯಕಿ ಎಂದು ಇಲ್ಲಿ ಯಾರೂ ಅನ್ನುವುದಿಲ್ಲ. ಆ ಭಯ ಬೇಡ. ನಿನ್ನನ್ನು ಯಾರೂ ಕೆಳಗಿಳಿಸದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಯಜಮಾನಿ ಅರ್ಜಿ ಹಾಕಿದ್ದಾರೆ. ಅದರಲ್ಲಿ ಒಂದು ಪ್ರಶ್ನೆ, ಕರೆಸಿಕೊಳ್ಳುತ್ತಿರುವವರು ಇಲ್ಲಿ ಕೆಲಸ ಮಾಡುವ ಯಾರಿಗಾದರೂ ಸಂಬಂಧಿಕರೇ ಎಂದು. ಕೆಲಸದ ಹೆಸರಿನಲ್ಲಿ ನೆಂಟರಿಷ್ಟರನ್ನು ತುಂಬುತ್ತಾರೆ ಎಂದು ಕಚೇರಿಯವರಿಗೆ ಗುಮಾನಿ. ಇಲ್ಲ ಎಂದು ಬರೆಸಿದೆ. ಅದು ನಿಜವೇ ತಾನೇ.

ಇನ್ನು ನಿನ್ನನ್ನು ಅಲ್ಲಿರುವ ಈ ದೇಶದ ಕಚೇರಿಗೆ ಸಂದರ್ಶನಕ್ಕೆ ಕರೆಯುತ್ತಾರೆ. ನಮ್ಮ ಮಾತು ಬಲ್ಲ ದುಭಾಷಿ ಇರುತ್ತಾರಂತೆ. ಕೇಳಿದಷ್ಟಕ್ಕೆ ಮಾತ್ರ ಉತ್ತರ ಹೇಳು. ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಶುರು ಮಾಡಬೇಡ. ಒಂದು ಸಲ ಉಗುಳು ನುಂಗಿ ಆಮೇಲೆ ಬಾಯಿ ತೆಗೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ, ನಿನ್ನಂಥವಳೊಬ್ಬಳು ಆಗಲೂ ಇದ್ದಿರಬೇಕು.

ಕೋಣೆಗೆ ಬಣ್ಣ ಮುಗಿಯಿತು. ಕಿಟಕಿಗೆ ಪರದೆ ಯಾವ ಬಣ್ಣದ್ದಿದ್ದರೆ ಚೆನ್ನ? ಯಜಮಾನಿ ಕೇಳುತ್ತಿದ್ದಾರೆ.

ಇಂತಿ,
ಅಣ್ಣ

7 ಏಪ್ರಿಲ್ 1994

ಅಣ್ಣನವರಿಗೆ,

ಸಂದರ್ಶನ ಮುಗಿಯಿತು! ಪರದೆ ಹಸಿರು ಇರಲಿ ಎಂದು ಯಜಮಾನಿಗೆ ಹೇಳಿ.

ಗಾಜಿನ ಆಚೆ ಅಧಿಕಾರಿ, ಈಚೆ ನಾನು, ಪಕ್ಕದಲ್ಲಿ ದುಭಾಷಿ. ಕನ್ನಡಕ ಹಾಕಿದ ಹೆಂಗಸು. ಆಕೆ ಆಡುವುದು ನಮ್ಮ ಮಾತೇ, ಆದರೆ ಇಸ್ತ್ರಿ ಮಾಡಿಸಿಕೊಂಡು ಬಂದ ಹಾಗಿತ್ತು. ನಾನು ಹೇಳಿದ ತಮಾಷೆ ಒಂದೂ ಆಚೆ ದಾಟಲಿಲ್ಲ. "ದೊಡ್ಡ ಪಾತ್ರೆಯಲ್ಲಿ ತಳ ಹಿಡಿದರೆ ಏನು ಮಾಡುತ್ತೀರಿ?" ಎಂದು ಕೇಳಿದರು. ಕೆದಕಬಾರದು, ಸುಮ್ಮನೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡು ತಳವನ್ನು ಅದರ ಪಾಡಿಗೆ ಬಿಡಬೇಕು ಅಂದೆ. ನೀವು ಕಲಿಸಿದ್ದೇ. ಅಧಿಕಾರಿ ತಲೆ ಆಡಿಸಿದರು. ಹಿಟ್ಟು, ಚಾಕು, ಸುಟ್ಟ ಗಾಯ, ಎಲ್ಲದಕ್ಕೂ ಪಟಪಟ ಉತ್ತರ ಕೊಟ್ಟೆ.

ಕೊನೆಗೆ, "ಅಲ್ಲಿಯ ಮುಖ್ಯ ಅಡಿಗೆಯವರು ಗೊತ್ತೇ?" ಎಂದರು. ಗೊತ್ತು ಅಂದೆ. ದುಭಾಷಿ ಕನ್ನಡಕ ಸರಿಮಾಡಿಕೊಂಡು, "ನಿಮಗೆ ಅವರು ಏನಾಗಬೇಕು?" ಎಂದರು.

ಉಗುಳು ನುಂಗು ಅಂದಿದ್ದಿರಿ, ನುಂಗಿದೆ. ಇನ್ನೊಮ್ಮೆ ನುಂಗಿದೆ. ಹೀಗೆ ಮುಖಕ್ಕೇ ಕೇಳಿಬಿಟ್ಟರೆ ಮನುಷ್ಯರು ಏನು ಹೇಳಬೇಕು? ಏನೇನೋ ಹೊಳೆಯಿತು, ಕಿವಿ ಬಿಸಿಯಾಯಿತು. ಅವರು ಇಬ್ಬರೂ ನನ್ನನ್ನೇ ನೋಡುತ್ತಿದ್ದರು. "ಅಣ್ಣ" ಅಂದೆ.

ನೀವು ಅಂದರೆ ಯಾರು ಎಂದು ಅವರಿಗೂ ತಿಳಿದಿರಬೇಕು, ಆ ಒಂದು ಮಾತನ್ನು ಅಧಿಕಾರಿ ಬಹಳ ಹೊತ್ತು ಬರೆದುಕೊಂಡರು. ಎದ್ದು ಬರುವಾಗ ದುಭಾಷಿಯ ಕೈ ಕುಲುಕಿ ಬಂದಿದ್ದೇನೆ. ಇನ್ನೇನು, ಪೆಟ್ಟಿಗೆ ಕಟ್ಟುವುದೊಂದೇ ಬಾಕಿ.

ಇಂತಿ,
ಗಡಿಬಿಡಿ

19 ಮೇ 1994

ಗಡಿಬಿಡಿಗೆ,

ಪರವಾನಗಿ ನಿರಾಕರಿಸಿದ್ದಾರೆ. ಅರ್ಜಿಯಲ್ಲಿ ಸಂಬಂಧವಿಲ್ಲ ಎಂದಿದೆ, ಅಭ್ಯರ್ಥಿ ತಾನೇ ಒಡಹುಟ್ಟಿದವಳೆಂದು ಒಪ್ಪಿಕೊಂಡಿದ್ದಾಳೆ, ಆದ್ದರಿಂದ ಸುಳ್ಳು ಮಾಹಿತಿ. ಇದು ಕಾರಣ.

ಯಜಮಾನಿ ಆ ಕಾಗದ ಹಿಡಿದು ಅಡಿಗೆಮನೆಗೇ ಬಂದರು. "ಅವಳು ನಿಮ್ಮ ತಂಗಿ ಅಂತ ನನ್ನ ಹತ್ರ ಯಾಕೆ ಮುಚ್ಚಿಟ್ರಿ?" ತಂಗಿಯಲ್ಲ ಎಂದೆ. "ಮತ್ತೆ ಅಣ್ಣ ಅಂದಳಲ್ಲ?" ಅಲ್ಲಿ ಎಲ್ಲರೂ ಅನ್ನುತ್ತಾರೆ ಎಂದೆ. "ಎಲ್ಲರೂ ನಿಮ್ಮ ಒಡಹುಟ್ಟಿದವರಾ?" ಅಣ್ಣ ಎಂದರೆ ಅಣ್ಣನೇ ಆಗಬೇಕಿಲ್ಲ ಎಂದು ಹೇಳಲು ಈ ದೇಶದ ಮಾತಿನಲ್ಲಿ ನನಗೆ ಬರಲಿಲ್ಲ. ಕೈಯಲ್ಲಿದ್ದ ಸೌಟಿನಿಂದ ಸಾರು ತಿರುವಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೈಯುತ್ತಿಲ್ಲ. ಆದದ್ದು ಆಯಿತು. ಮೇಲ್ಮನವಿಗೆ ಅವಕಾಶವಿದೆ. ಯಜಮಾನಿ ವಕೀಲರನ್ನು ಹಿಡಿದಿದ್ದಾರೆ. ನಿನ್ನ ಅಪ್ಪ ಅಮ್ಮನ ಹೆಸರಿರುವ ಜನನ ಪತ್ರ ಕಳಿಸು. ಒಲೆಯ ಮುಂದಿನವನನ್ನು ಎಲ್ಲರೂ ಅಣ್ಣ ಎನ್ನುವುದು ವಾಡಿಕೆ ಎಂದು ಕ್ಯಾಂಟೀನಿನವರಿಂದ ಬರೆಸಿ ಕಳಿಸು. ನಾನೂ ಒಂದು ಪ್ರಮಾಣಪತ್ರ ಕೊಡಬೇಕಂತೆ. ಅದು ಕಚೇರಿಯ ಕೆಲಸ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ವಕೀಲರು ನನ್ನನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. ಅದನ್ನು ನೀನು ಬಂದ ಮೇಲೆ ಹೇಳುತ್ತೇನೆ. ಕಾಗದದಲ್ಲಿ ಹೇಳುವ ಮಾತಲ್ಲ.

ಇಂತಿ,
ಅಣ್ಣ

10 ಜೂನ್ 1994

ಈ ಸಲ ಮೇಲೆ ಏನೆಂದು ಬರೆಯಲಿ ತಿಳಿಯಲಿಲ್ಲ. ಆ ಒಂದು ಪದ ಬರೆಯಲು ಕೈ ಬರುತ್ತಿಲ್ಲ. ಖಾಲಿ ಬಿಟ್ಟಿದ್ದೇನೆ.

ನಿಮ್ಮ ಕಾಗದ ಓದಿ ಹಿಟ್ಟಿನ ತೊಟ್ಟಿಯ ಪಕ್ಕ ಕೂತು ಅತ್ತೆ. ತಾತ ಬಂದು, "ಯಾಕಮ್ಮ, ಈರುಳ್ಳೀನಾ?" ಅಂದರು. ಈರುಳ್ಳಿ ಅಂದೆ. ಬರೀ ಹಿಟ್ಟಿದ್ದ ಕಡೆ ಈರುಳ್ಳಿ ಎಲ್ಲಿ ಎಂದು ಅವರು ಕೇಳಲಿಲ್ಲ, ಪಕ್ಕದಲ್ಲೇ ಕೂತರು.

ಕೇಳಿದ ಕಾಗದಗಳನ್ನು ಇಟ್ಟಿದ್ದೇನೆ. ಕ್ಯಾಂಟೀನಿನ ಪ್ರತಿಯೊಬ್ಬರೂ ಸಹಿ ಹಾಕಿದ್ದಾರೆ. ತಾತ ಹೆಬ್ಬೆಟ್ಟು ಒತ್ತಿ, "ಅವನು ನನಗೂ ಅಣ್ಣನೇ, ನಮ್ಮವ್ವ ಅವನನ್ನ ಯಾವಾಗ ಹೆತ್ತಳು ಅಂತ ಆ ಆಫೀಸರ್‌ನ ಕೇಳಿ" ಎಂದು ಹೇಳಿಕಳಿಸಿದ್ದಾರೆ. ಇದನ್ನೂ ವಕೀಲರಿಗೆ ಹೇಳಿ.

ಬೇಕರಿಯವರು ಮನೆಗೆ ಬಂದಿದ್ದರು. ಭಾವ ಕರೆತಂದರು. ಅವರು ಹೆಚ್ಚು ಮಾತಾಡಲಿಲ್ಲ, ನನ್ನ ಕೈ ಮೇಲಿನ ಸುಟ್ಟ ಕಲೆ ನೋಡಿ, ಅಂಗಿಯ ತೋಳು ಮಡಿಸಿ ತಮ್ಮದನ್ನು ತೋರಿಸಿದರು. ಕೆಟ್ಟವರೆಂದು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಅಮ್ಮನಿಗೆ ಈಗ ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಅವಳು ಏನೂ ಕೇಳುವುದಿಲ್ಲ, ಅದೇ ಕಷ್ಟ. ಭಾವ, "ಆ ಪರವಾನಗಿ ಅಂತೂ ಹೋಯ್ತು. ಈಗಲಾದ್ರೂ ಹೇಳು, ಇನ್ನು ಯಾರಿಗೆ ಕಾಯ್ತಿದ್ದೀಯ?" ಅಂದರು. ಯಾರಿಗೆ ಎಂದು ಹೇಳಲು ನನಗೆ ಯಾರೂ ಹೆಸರು ಕೊಟ್ಟಿಲ್ಲ.

ಕಾಗದದಲ್ಲಿ ಹೇಳುವ ಮಾತಲ್ಲ ಎಂದಿರಿ. ಕಾಗದ ಬಿಟ್ಟರೆ ನಮ್ಮಿಬ್ಬರಿಗೆ ಬೇರೇನಿದೆ? ನಾನೇ ಬಾಯಿಬಿಟ್ಟು ಕೇಳುತ್ತೇನೆ, ನಾಚಿಕೆ ಇಲ್ಲದವಳು ಅಂದುಕೊಳ್ಳಿ. ಆ ಗಾಜಿನ ಮುಂದೆ ನನ್ನನ್ನು ಕೇಳಿದ್ದನ್ನೇ ನಿಮ್ಮನ್ನು ಕೇಳುತ್ತಿದ್ದೇನೆ. ನಾನು ನಿಮಗೆ ಏನಾಗಬೇಕು?

ಒಂದೇ ಸಾಲು ಸಾಕು. ಈ ಒಂದು ಸಲ ನಿಧಾನ ಮಾಡಬೇಡಿ.

ಗಡಿಬಿಡಿ

20 ಜುಲೈ 1994

ಅಣ್ಣನವರಿಗೆ,

ನಿಮ್ಮ ಉತ್ತರ ಬಂತು. ಟಪಾಲಿನವನು ಸಹಿ ಮಾಡಿಸಿಕೊಂಡು ಕೊಟ್ಟ. ಕಚೇರಿಯ ಲಕೋಟೆ, ಒಳಗೆ ನಿಮ್ಮ ಪ್ರಮಾಣಪತ್ರದ ನಕಲು, ಕೆಳಗೆ ನಮ್ಮ ಮಾತಿನಲ್ಲೂ ಬರೆದಿದ್ದಾರೆ. ಆ ಕನ್ನಡಕದವರೇ ಬರೆದಿರಬೇಕು, ಅದೇ ಇಸ್ತ್ರಿ.

"ಸದರಿ ಮಹಿಳೆಗೂ ನನಗೂ ರಕ್ತಸಂಬಂಧವಾಗಲಿ, ವಿವಾಹಸಂಬಂಧವಾಗಲಿ, ಬೇರಾವ ಬಾಂಧವ್ಯವಾಗಲಿ ಇರುವುದಿಲ್ಲ. ಮುಂದೆ ಆಕೆಯನ್ನು ವಿವಾಹವಾಗುವ ಉದ್ದೇಶವೂ ನನಗಿರುವುದಿಲ್ಲ. ಆಕೆ ನನ್ನ ಮಟ್ಟಿಗೆ ಕೆಲಸಗಾರ್ತಿ ಮಾತ್ರ ಎಂದು ಸತ್ಯಪ್ರಮಾಣವಾಗಿ ಹೇಳುತ್ತೇನೆ."

ಕೆಳಗೆ ನಿಮ್ಮ ಸಹಿ. ಒಂದೊಂದು ಅಕ್ಷರವನ್ನೂ ಕೂರಿಸಿ ಕೂರಿಸಿ ಬರೆಯುವ ಸಹಿ, ಸರಕು ಬಂದಾಗ ಚೀಟಿಯ ಮೇಲೆ ಎಷ್ಟು ಸಲ ನೋಡಿಲ್ಲ. ಬಲವಂತಕ್ಕೆ ಹಾಕಿದವರ ಸಹಿಯ ಹಾಗಿರಲಿಲ್ಲ.

ಕಚೇರಿಗೆ ಬೇಕಾದದ್ದನ್ನು ಬರೆದಿರಬಹುದು ಎಂದು ನಾನೂ ಯೋಚಿಸಿದೆ. ನನ್ನ ಕಾಗದಕ್ಕೆ ನಿಮ್ಮಿಂದ ಒಂದು ಸಾಲು ಬಂದಿದ್ದರೆ ಹಾಗೆಯೇ ನಂಬುತ್ತಿದ್ದೆ. ದಿನಾ ಟಪಾಲಿನವನ ದಾರಿ ನೋಡಿದೆ. ಬಂದದ್ದು ಇದೊಂದು. ಬೇರೆ ಏನು ಹೇಳಬೇಕು ಎಂದು ನಿಮಗೂ ತೋಚಿರಲಿಕ್ಕಿಲ್ಲ. ನಾನು ಕೇಳಬಾರದಿತ್ತು. ನೀವು ಮೊದಲೇ ಹೇಳಿದ್ದಿರಿ, ಎರಡನೇ ಅಡಿಗೆಯವಳು ಅಷ್ಟೇ ಎಂದು. ಕಿವಿಗೆ ಹಾಕಿಕೊಳ್ಳದವಳು ನಾನು.

ಅವತ್ತೇ ಮಧ್ಯಾಹ್ನ ಭಾವನಿಗೆ ಹೂಂ ಅಂದೆ. ಬರುವ ಭಾನುವಾರ ಮದುವೆ. ಅವರ ಕಡೆ ಜನ ಕಡಿಮೆ, ನಮ್ಮ ಕಡೆಯೂ ಕಡಿಮೆ, ತಡಮಾಡಲು ಕಾರಣವಿರಲಿಲ್ಲ. ಈ ಕಾಗದ ನಿಮಗೆ ಸಿಗುವ ಹೊತ್ತಿಗೆ ಆಗಿಹೋಗಿರುತ್ತದೆ. ಯಜಮಾನಿಗೆ ನನ್ನಿಂದ ತೊಂದರೆಯಾಯಿತು, ಕ್ಷಮೆ ಕೇಳಿದೆ ಎಂದು ಹೇಳಿ. ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಬಂದರೆ ಬೈಯುತ್ತಿದ್ದೆ, ಅದು ನಿಮಗೂ ಗೊತ್ತು.

ಇಂತಿ ನಮಸ್ಕಾರಗಳು

22 ಜುಲೈ 1994

ಗಡಿಬಿಡಿಗೆ,

ಗೆದ್ದೆವು! ನಿನ್ನೆ ಪರವಾನಗಿ ಬಂತು. ನಿನ್ನ ಹೆಸರು, ನಿನ್ನ ಫೋಟೋ, ಕೆಳಗೆ ದಪ್ಪ ಅಕ್ಷರಗಳಲ್ಲಿ ಅಡಿಗೆಯವಳು. ತಾತನ ಮಾತನ್ನು ವಕೀಲರು ಹಾಗೆಯೇ ಓದಿ ಹೇಳಿದರಂತೆ, ಅಲ್ಲಿ ಕೂತಿದ್ದವರೆಲ್ಲ ನಕ್ಕರಂತೆ. ಕಾಗದ ನನ್ನ ಹತ್ತಿರವೇ ಇದೆ. ನಿನ್ನ ಊರಿನ ಕಚೇರಿಗೆ ತೋರಿಸಲು ಮುಂದಿನ ವಾರ ರಿಜಿಸ್ಟರ್ ಮಾಡಿ ಕಳಿಸುತ್ತೇನೆ.

ಯಜಮಾನಿ, "ತಂತಿ ಕೊಡಿ, ಅವಳು ಕಾಯ್ತಿರ್ತಾಳೆ" ಎಂದರು. ಬೇಡವೆಂದೆ. ಈ ಕಾಗದದಲ್ಲಿ ಇನ್ನೊಂದು ವಿಷಯವೂ ಇದೆ, ಅದನ್ನು ತಂತಿಯವನು ನಿನ್ನ ಬಾಗಿಲಲ್ಲಿ ನಿಂತು ಓದುವುದು ನನಗೆ ಇಷ್ಟವಿಲ್ಲ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಒಂದೇ ಸಾಲು ಸಾಕು ಎಂದು ನೀನು ಬರೆದಿದ್ದೆ. ಆ ಒಂದು ಸಾಲನ್ನು ಬರೆದು ಹರಿದು, ಬರೆದು ಹರಿದು ಇಷ್ಟು ದಿನ ಮಾಡಿದೆ. ಒಮ್ಮೆ ಅದು ಯಜಮಾನನ ಮಾತಿನ ಹಾಗಾಯಿತು, ಒಮ್ಮೆ ಭಿಕ್ಷೆ ಬೇಡಿದ ಹಾಗಾಯಿತು. ಪರವಾನಗಿ ಸಿಗದಿದ್ದರೆ ನಿನ್ನನ್ನು ಆಸೆಯಲ್ಲಿ ಕೂರಿಸಿದ ಹಾಗಾಗುತ್ತದೆ ಎಂಬ ಹೆದರಿಕೆ ಬೇರೆ. ಈಗ ಹೆದರಿಕೆಯಿಲ್ಲ. ಬರೆಯುತ್ತೇನೆ.

ನೀನು ನನಗೆ ಹೆಂಡತಿ ಆಗಬೇಕು.

ಅಬ್ಬ, ಬರೆದೆ. ನೀನು ಹೂಂ ಅಂದರೆ.

ಆ ವಕೀಲರು ಕೇಳಿದ ಪ್ರಶ್ನೆ ಇದೇ. "ಮದುವೆ ಆಗೋ ಉದ್ದೇಶ ಇದೆಯಾ? ಇದ್ದರೆ ಈ ಅರ್ಜಿ ಬಿದ್ದುಹೋಗುತ್ತೆ. ಬೇರೆ ಅರ್ಜಿ, ಬೇರೆ ಸರದಿ, ಎಷ್ಟು ವರ್ಷವೋ. ಇಲ್ಲ ಅಂತ ಬರೆದುಕೊಟ್ಟರೆ ಈ ಬೇಸಿಗೆಯಲ್ಲೇ ಬಂದುಬಿಡ್ತಾಳೆ" ಎಂದರು. ಬರೆದುಕೊಟ್ಟೆ. ನಿನ್ನ ಕಾಗದ ಬರುವ ಮುಂಚೆಯೇ ಬರೆದುಕೊಟ್ಟಿದ್ದೆ. ಅಕ್ಷರ ತಪ್ಪಿದರೆ ಮತ್ತೆ ತಕರಾರು ಬಂದೀತೆಂದು ಉಸಿರು ಬಿಗಿಹಿಡಿದು ಸಹಿ ಹಾಕಿದೆ. ಅದರ ನಕಲು ನಿನಗೂ ಬರಬಹುದು. ಬಂದರೆ ಓದಬೇಡ. ಓದಿದರೂ ನಂಬಬೇಡ. ನನ್ನ ಜನ್ಮದಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅದು, ನಿನ್ನನ್ನು ಬೇಗ ನೋಡಲು ಹೇಳಿದ್ದು.

ಇನ್ನೊಂದು. ಕೋಣೆಗೆ ಬಣ್ಣ ಹೊಡೆ ಎಂದು ಯಜಮಾನಿ ಹೇಳಿರಲಿಲ್ಲ. ಪರದೆಯ ಬಣ್ಣವನ್ನೂ ಕೇಳಿರಲಿಲ್ಲ. ಅವರಿಗೆ ಆ ಕೋಣೆಗೊಂದು ಕಿಟಕಿ ಇದೆಯೆಂಬುದೇ ನೆನಪಿಲ್ಲ.

ಈ ಕಾಗದಕ್ಕೆ ಏನೆಂದು ಸಹಿ ಮಾಡಲಿ ನೀನೇ ಹೇಳು. ಬೇಗ ಬರೆ. ಬೇಗ ಎಂದು ನಾನು ಹೇಳುತ್ತಿದ್ದೇನೆ ನೋಡು.

25 ಆಗಸ್ಟ್ 1994

ನಿಮಗೆ,

ನಿಮ್ಮ ಕಾಗದ ಅಮ್ಮನ ಮನೆಗೆ ಹೋಗಿ, ಅಲ್ಲಿಂದ ಭಾವನ ಕೈ ಸೇರಿ, ಬೇಕರಿಗೆ ಬಂತು. ಗಲ್ಲಾದ ಹತ್ತಿರ ನಿಂತು ಒಡೆದೆ. ಪರವಾನಗಿ ಬಂತೆಂಬ ಕಡೆ ನಕ್ಕೆ, ತಾತನ ವಿಷಯಕ್ಕೆ ಇನ್ನೂ ಜೋರಾಗಿ ನಕ್ಕೆ. ಆಮೇಲಿನ ಆ ಸಾಲು ಬಂತು.

ಒಲೆಯ ಕಡೆಯಿಂದ ಇವರು, "ಯಾರದು ಕಾಗದ?" ಎಂದರು.

"ಅಣ್ಣಂದು" ಅಂದೆ.

"ನಿನಗೆ ಅಣ್ಣ ಇದ್ದಾರಾ? ಹೇಳ್ಲೇ ಇಲ್ವಲ್ಲ. ಮದುವೆಗೆ ಕರೀಬಹುದಿತ್ತು" ಎಂದರು. ದೂರದಲ್ಲಿದ್ದಾರೆ, ಬರಲು ಆಗುತ್ತಿರಲಿಲ್ಲ ಎಂದೆ. ಅವರು ನನ್ನ ಮುಖ ನೋಡಿ, ಆ ಹೊತ್ತಿನ ಬ್ರೆಡ್ಡನ್ನು ತಾವೇ ಒಲೆಯಿಂದ ಇಳಿಸಿದರು. ಒಳ್ಳೆಯವರು. ಕೆಟ್ಟವರಾಗಿದ್ದರೆ ಈ ಕಾಗದ ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಿಮ್ಮ ಸಾಲನ್ನು ಎಷ್ಟು ಸಲ ಓದಿದೆ ಎಂದು ಕೇಳಬೇಡಿ. ನೀವು ಇನ್ನು ಸ್ವಲ್ಪ ಬೇಗ ಬರೆಯಬಹುದಿತ್ತು, ನಾನು ಇನ್ನು ಸ್ವಲ್ಪ ತಡೆಯಬಹುದಿತ್ತು. ನಾವಿಬ್ಬರೂ ನಮ್ಮ ನಮ್ಮ ಬುದ್ಧಿಯನ್ನೇ ತೋರಿಸಿದೆವು. ತಪ್ಪು ಯಾರದೆಂದು ದಿನವೂ ತೂಗಿ ನೋಡುತ್ತೇನೆ. ಒಂದು ದಿನ ನಿಮ್ಮದೆನಿಸುತ್ತದೆ, ನಿಮ್ಮನ್ನು ಚೆನ್ನಾಗಿ ಬೈದು ಹಿಟ್ಟು ನಾದುತ್ತೇನೆ. ಮರುದಿನ ನನ್ನದೆನಿಸುತ್ತದೆ. ಆ ದಿನ ಹಿಟ್ಟಿಗೆ ಉಪ್ಪು ಮರೆಯುತ್ತೇನೆ, ಸುಳ್ಳು ಯಾಕೆ ಹೇಳಲಿ.

ಉತ್ತರ ಕೊಡದೆ ಇರಬಾರದಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೂಂ ಎಂದೇ ಇತ್ತು. ಅಲ್ಲಿ ಕ್ಯಾಂಟೀನಿನಲ್ಲಿದ್ದಾಗಿನಿಂದಲೂ ಇತ್ತು. ಇದು ನಿಮಗೆ ಗೊತ್ತಿರಲಿ, ಇದನ್ನು ಇನ್ನೊಮ್ಮೆ ಬರೆಯುವುದಿಲ್ಲ.

ಯಜಮಾನಿಗೆ ಬೇಗ ಬೇರೆ ಅಡಿಗೆಯವರನ್ನು ಹುಡುಕಿ ಕೊಡಿ, ನೀವೊಬ್ಬರೇ ಎರಡೂ ಕೆಲಸ ಮಾಡಿ ಬೆನ್ನು ಮುರಿದುಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಪರವಾನಗಿಯನ್ನು ರಿಜಿಸ್ಟರ್ ಮಾಡಿ ಕಳಿಸುತ್ತೇನೆ ಎಂದು ಬರೆದಿದ್ದೀರಿ. ಇಲ್ಲಿಯವರೆಗೆ ಬಂದಿಲ್ಲ. ಈ ಒಂದಕ್ಕೆ ನಿಮ್ಮ ನಿಧಾನ ಒಳ್ಳೆಯದಾಯಿತು. ದಯವಿಟ್ಟು ಅದನ್ನು ಕಚೇರಿಗೇ ವಾಪಸ್ಸು ಕೊಟ್ಟುಬಿಡಿ. ನನಗೆ ಕಳಿಸಬೇಡಿ. ಕೈಗೆ ಸಿಕ್ಕರೆ ಬಂದುಬಿಡುತ್ತೇನೆ.